ಊರಿಗೆ ಹೆಸರಿಡುವ ಹಕ್ಕು

(ಸಂಘದ ವಾಚನಾಲಯದ ತಿಂಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಈ ವೇದಿಕೆಯಿಂದ ತಾವು ಗಡಿ ವಿವಾದದ ಬಗೆಗೆ, ಮುಚ್ಚಿಹೋಗುತ್ತಿರುವ ಕನ್ನಡ ಶಾಲೆಗಳ ಬಗೆಗೆ, ನವ್ಯ ಬಂಡಾಯಗಳ ಬಗೆಗೆ ಎಷ್ಟೋ ಉಪನ್ಯಾಸಗಳನ್ನು ಕೇಳಿದ್ದೀರಿ. ಎಪ್ಪತ್ತು ದಾಟಿದ ನಾನು ಈ ಸಂಜೆ ಗಣಕಯಂತ್ರದ ಆಟವೊಂದರ ಬಗ್ಗೆ ಮಾತನಾಡುತ್ತೇನೆಂದು ಹೇಳಿದಾಗ ನಮ್ಮ ಕಾರ್ಯದರ್ಶಿಗಳು ಒಂದು ಕ್ಷಣ ಸುಮ್ಮನಾದರು. ಆಮೇಲೆ ಒಪ್ಪಿದರು. ಅವರ ಧೈರ್ಯಕ್ಕೆ ಮೊದಲ ವಂದನೆ.

ಆಟದ ಹೆಸರು 'ಸಿವಿಲೈಜೇಷನ್', ಅಂದರೆ ನಾಗರಿಕತೆ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬಿಬ್ಬರು ರೂಪಿಸಿ ೧೯೯೧ರಲ್ಲಿ ಹೊರತಂದ ಆಟ ಇದು. ಕ್ರಿಸ್ತಪೂರ್ವ ೪೦೦೦ದಲ್ಲಿ ಒಂದು ಜನಾಂಗವನ್ನು ನಿಮ್ಮ ಕೈಗೆ ಕೊಡುತ್ತಾರೆ. ಸುತ್ತಲೂ ಕತ್ತಲು. ಕಾಣುವುದು ನಿಂತ ನೆಲ ಮತ್ತು ಅಕ್ಕಪಕ್ಕದ ನಾಲ್ಕಾರು ಮನೆಗಳು ಮಾತ್ರ. ಮನೆ ಎಂದರೆ ಚೌಕಾಬಾರದಲ್ಲಿರುವಂಥ ಮನೆ. ಆ ಕತ್ತಲನ್ನು ಸರಿಸುತ್ತ ಊರು ಕಟ್ಟಬೇಕು, ಬರವಣಿಗೆ ಕಲಿಯಬೇಕು, ಕಬ್ಬಿಣ ಕಾಯಿಸಬೇಕು, ನೆರೆಯವರೊಡನೆ ಸಂಧಿ ವಿಗ್ರಹ ನಡೆಸಬೇಕು, ಕೊನೆಗೆ ಆಕಾಶನೌಕೆಯವರೆಗೆ ಬರಬೇಕು. ಆಟಗಾರನ ಮೊದಲ ಕಾಯಿ ಯೋಧನಲ್ಲ, ರಾಜನೂ ಅಲ್ಲ. ಇಂಗ್ಲಿಷಿನಲ್ಲಿ ಅವನಿಗೆ 'ಸೆಟ್ಲರ್' ಎಂದು ಹೆಸರು. ಬಂದು ನೆಲೆಸುವವನು. ಹೊರನಾಡಿನಲ್ಲಿ ಮೂರು ತಲೆಮಾರು ಕಳೆದ ನಮಗೆ ಈ ಕಾಯಿಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ.

ನನ್ನ ಮನೆಗೆ ಬಂದದ್ದು ಅದರ ಎರಡನೆಯ ಆವೃತ್ತಿ. ಬ್ರಯನ್ ರೆನಾಲ್ಡ್ಸ್ ಮುಖ್ಯ ವಿನ್ಯಾಸಕರಾಗಿದ್ದ, ೧೯೯೬ರದು. ಬಿಡಿಭಾಗಗಳನ್ನು ಜೋಡಿಸಿ ಮಾಡಿಸಿದ ಒಂದು ಗಣಕಯಂತ್ರ ನಮ್ಮ ಡೊಂಬಿವಿಲಿಯ ಮನೆಯ ಹೊರಕೋಣೆಯಲ್ಲಿತ್ತು. ಮಗಳಿಗೆ ಆಗ ಒಂಬತ್ತು ವರ್ಷ. ಆ ಆಟದಲ್ಲಿ ನೆಲೆಸಿಗನನ್ನು ಒಂದು ಕಡೆ ನಿಲ್ಲಿಸಿ ಊರು ಕಟ್ಟೆಂದು ಆಜ್ಞಾಪಿಸಿದರೆ ತೆರೆಯ ಮೇಲೆ ಪುಟ್ಟದೊಂದು ಪೆಟ್ಟಿಗೆ ಮೂಡುತ್ತಿತ್ತು: ಈ ಊರಿಗೆ ಏನು ಹೆಸರಿಡೋಣ? ಭಾರತೀಯರಾಗಿ ಆಡಿದರೆ ಯಂತ್ರವೇ ದಿಲ್ಲಿ, ಬಾಂಬೆ, ಮದ್ರಾಸ್, ಬೆಂಗಳೂರು ಎಂದು ಒಂದೊಂದಾಗಿ ಸೂಚಿಸುತ್ತಿತ್ತು. ಬೇಕಾದರೆ ಒಪ್ಪಿಕೊಳ್ಳಬಹುದು, ಬೇಡವಾದರೆ ಅಳಿಸಿ ನಮ್ಮದನ್ನು ಬರೆಯಬಹುದು. ಮಗಳು ಅಳಿಸಿದಳು. "ಅಪ್ಪ, ನಮ್ಮ ಊರಿನ ಹತ್ತಿರ ಹಿಂದೆ ರಾಜಧಾನಿ ಇತ್ತು ಅಂದಿದ್ದೆಯಲ್ಲ, ಅದರ ಹೆಸರೇನು?" ಎಂದು ಕೇಳಿದಳು. ಬಾರಕೂರು ಎಂದೆ. ಆಳುಪರ ಬಾರಕೂರು ಆ ಸಂಜೆ ಕ್ರಿಸ್ತಪೂರ್ವ ೪೦೦೦ದಲ್ಲಿ, ಯಾವುದೋ ಅನಾಮಿಕ ಖಂಡದ ನದೀತೀರದಲ್ಲಿ, ರೋಮನ್ ಲಿಪಿಯಲ್ಲಿ ಸ್ಥಾಪನೆಯಾಯಿತು.

ಎರಡನೆಯದು ಬಸರೂರು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಆ ಬಂದರು ಅವಳ ಭೂಪಟದಲ್ಲಿ ಸಮುದ್ರದಿಂದ ಬಲು ದೂರದ ಗುಡ್ಡದ ಮೇಲೆ ನಿಂತಿತು. ನಾನು ತಕರಾರು ಮಾಡಲಿಲ್ಲ. ಆಮೇಲೆ ಬನವಾಸಿ, ಬಾದಾಮಿ, ಮಳಖೇಡ, ಕಲ್ಯಾಣ. ನನಗೆ ಗೊತ್ತಿದ್ದ ಹೆಸರುಗಳು ಮುಗಿದು ಅವಳು ಇನ್ನೂ ಊರು ಕಟ್ಟುತ್ತಲೇ ಇದ್ದುದರಿಂದ ನಾನು ಇದೇ ವಾಚನಾಲಯಕ್ಕೆ ಬಂದು ಇತಿಹಾಸದ ಪುಸ್ತಕ ಕೊಂಡೊಯ್ಯಬೇಕಾಯಿತು. ಇಲ್ಲಿ ಕುಳಿತಿರುವ ಹಿರಿಯರೊಬ್ಬರಿಗೆ ಆ ಪುಸ್ತಕ ಎಂಟು ತಿಂಗಳು ಮರಳದೆ ಇದ್ದದ್ದು ನೆನಪಿರಬಹುದು.

ಆ ಆಟದ ಹೊಟ್ಟೆಯೊಳಗೆ ಏನಿತ್ತೆಂಬುದನ್ನು ಸ್ವಲ್ಪ ಹೇಳಬೇಕು, ನನ್ನ ಇಂದಿನ ದೂರಿಗೆ ಅದೇ ಆಧಾರ. ಊರುಗಳ ಹೆಸರಿನ ಪಟ್ಟಿ ಒಂದು ಸಾಮಾನ್ಯ ಪಠ್ಯಕಡತದಲ್ಲಿತ್ತು. ಪ್ರತಿ ಜನಾಂಗದ ಹೆಸರಿನ ಕೆಳಗೆ ಸಾಲಿಗೊಂದರಂತೆ ಊರುಗಳು. ಯಾವ ತಂತ್ರಜ್ಞಾನವೂ ತಿಳಿಯದ ನನ್ನಂಥ ಗುಮಾಸ್ತ ಅದನ್ನು ತೆರೆದು ತಿದ್ದಿ ಉಳಿಸಿದರೆ ಮರುದಿನದಿಂದ ಯಂತ್ರ ನಮ್ಮ ಪಟ್ಟಿಯನ್ನೇ ಓದುತ್ತಿತ್ತು. ನಿಯಮಗಳದು ಇನ್ನೊಂದು ಕಡತ. ಯಾವ ಸೈನಿಕನಿಗೆ ಎಷ್ಟು ಬಲ, ಯಾವ ವಿದ್ಯೆಗೆ ಯಾವ ವಿದ್ಯೆ ಮೆಟ್ಟಿಲು, ಯಾವ ಕಟ್ಟಡಕ್ಕೆ ಎಷ್ಟು ವೆಚ್ಚ, ಎಲ್ಲವೂ ಅದರಲ್ಲಿ ಬಯಲಾಗಿದ್ದವು. ಆಟ ಶುರುವಾಗುವ ಮೊದಲೇ ಜನಾಂಗದ ಹೆಸರು, ನಾಯಕನ ಹೆಸರು, ಅವನ ಬಿರುದುಗಳನ್ನೂ ಬದಲಿಸಬಹುದಿತ್ತು. ಭೂಪಟದ ಅಗಲ ಉದ್ದಗಳನ್ನು ಅಂಕಿಗಳಲ್ಲಿ ನಾವೇ ನಮೂದಿಸಬಹುದಿತ್ತು. ತಯಾರಕರು ಕರ್ನಾಟಕವನ್ನಾಗಲಿ ರಾಷ್ಟ್ರಕೂಟರನ್ನಾಗಲಿ ಕೇಳಿದ್ದರೋ ಇಲ್ಲವೋ, ಅದು ಅಡ್ಡಿಯಾಗಲಿಲ್ಲ. ನಮ್ಮ ಮನೆಯ ಯಂತ್ರದಲ್ಲಿ ರಾಷ್ಟ್ರಕೂಟರು ರೋಮನರೊಡನೆ ಸಂಧಿ ಮಾಡಿಕೊಂಡರು.

ಕರಾವಳಿಯಿಂದ ಬಂದವರಿಗೆ ತಾಳಮದ್ದಳೆಯ ಉದಾಹರಣೆ ಕೊಟ್ಟರೆ ಸಾಕು. ಪದ್ಯ ಪ್ರಸಂಗಕರ್ತನದು, ಹಾಡುಗಾರಿಕೆ ಭಾಗವತರದು. ಅರ್ಥ ಮಾತ್ರ ಅರ್ಥಧಾರಿಯದು. ಸಂಧಾನಕ್ಕೆ ಬಂದ ಕೃಷ್ಣ ಏನು ಮಾಡುತ್ತಾನೆಂಬುದು ಪದ್ಯದಲ್ಲಿ ನಿಶ್ಚಯವಾಗಿದೆ. ಅವನು ಹೇಗೆ ಮಾತನಾಡುತ್ತಾನೆ, ಕೌರವ ಯಾವ ವಾದ ಹೂಡುತ್ತಾನೆ ಎಂಬುದು ಆ ರಾತ್ರಿಯ ಕಲಾವಿದರಿಗೆ ಬಿಟ್ಟದ್ದು. ಆ ಜಾಗ ಖಾಲಿ ಇರುವುದರಿಂದಲೇ ಅದೇ ಪ್ರಸಂಗವನ್ನು ನಾವು ನಲವತ್ತನೆಯ ಸಲ ಕೇಳಲು ಹೋಗುತ್ತೇವೆ. ಚೌಕಾಬಾರವೂ ಹಾಗೆಯೇ. ಸೀಮೆಸುಣ್ಣದಿಂದ ಗೆರೆ ಎಳೆದ ಮೇಲೆ ಮೊದಲು ನಡೆಯುವುದು ಆಟವಲ್ಲ, ನಿಯಮಗಳ ಚರ್ಚೆ: ಕಾಯಿ ಕಡಿಯದೆ ಒಳಗೆ ಹೋಗಬಹುದೇ, ಜೋಡಿ ಕಾಯಿಯನ್ನು ಒಂಟಿ ಕಾಯಿ ಕಡಿಯಬಹುದೇ? ಮನೆಗೊಂದು ಕಾಯಿದೆ. ನಮ್ಮ ಅತ್ತೆಯವರ ಕಾಯಿದೆ ಸೋಲು ಹತ್ತಿರವಾದಂತೆ ಬದಲಾಗುತ್ತಿತ್ತು, ಆ ಮಾತು ಬೇರೆ.

ಹೆಸರಿನ ವಿಷಯವನ್ನೇ ಇನ್ನಷ್ಟು ಹಿಡಿದು ನಿಲ್ಲುತ್ತೇನೆ. ನಾನು ಹೇಳುತ್ತಿರುವ ಆ ವರ್ಷಗಳಲ್ಲೇ ೧೯೯೫ರಲ್ಲಿ ಬಾಂಬೆ ಮುಂಬಯಿಯಾಯಿತು, ೧೯೯೬ರಲ್ಲಿ ಮದ್ರಾಸ್ ಚೆನ್ನೈಯಾಯಿತು. ನಮ್ಮ ನಾಡಿನ ನಗರಗಳಿಗೆ ನಮ್ಮ ಉಚ್ಚಾರದ ಹೆಸರು ಮರಳಬೇಕೆಂದು ಯು. ಆರ್. ಅನಂತಮೂರ್ತಿಯವರು ಸಲಹೆ ಕೊಟ್ಟು, ೨೦೦೫ರಲ್ಲಿ ಸರಕಾರ ಅದನ್ನು ಒಪ್ಪಿಕೊಂಡು ಪ್ರಕಟಿಸಿದ ಮೇಲೆ, ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಸೇರಿ ಹನ್ನೆರಡು ನಗರಗಳ ಹೆಸರು ಕಾಗದದ ಮೇಲೆ ಬದಲಾದದ್ದು ೨೦೧೪ರ ನವೆಂಬರ್ ೧ರಂದು. ಅನಂತಮೂರ್ತಿಯವರು ಅದಕ್ಕೆ ಎರಡು ತಿಂಗಳ ಹಿಂದಷ್ಟೇ, ಆಗಸ್ಟಿನಲ್ಲಿ ತೀರಿಕೊಂಡಿದ್ದರು. ಇಂಗ್ಲಿಷಿನ ಒಂದು ಅಕ್ಷರವನ್ನು ತಿದ್ದಲು ಒಂದು ರಾಜ್ಯಕ್ಕೆ ಒಂಬತ್ತು ವರ್ಷ ಹಿಡಿಯಿತು.

ನನ್ನ ಮಗಳಿಗೂ ಅವಳ ಗೆಳೆಯನಿಗೂ ಇದೇ ಸಮಸ್ಯೆ ಎದುರಾಗಿತ್ತು. ಎದುರು ಮನೆಯ ಮರಾಠಿ ಹುಡುಗ, ಅವಳ ತರಗತಿಯವನೇ. ಇಬ್ಬರೂ ಒಂದೇ ಯಂತ್ರದ ಮುಂದೆ ಸರದಿಯಂತೆ ಕುಳಿತು ಒಂದೇ ರಾಜ್ಯವನ್ನು ಆಳುತ್ತಿದ್ದರು. ಒಂದು ದಿನ ಏಳನೆಯದೋ ಎಂಟನೆಯದೋ ಊರಿಗೆ ಅವನು 'ಬೆಳಗಾವ್' ಎಂದು ಬರೆದ. ಇವಳು ಕೊನೆಗೆ ಒಂದು 'ಇ' ಸೇರಿಸಿದಳು. ಅವನು ತೆಗೆದ. ಇವಳು ಸೇರಿಸಿದಳು. ಗದ್ದಲ ಕೇಳಿ ನಾನು ಹೊರಕೋಣೆಗೆ ಬರುವಷ್ಟರಲ್ಲಿ ಇತ್ಯರ್ಥವಾಗಿತ್ತು. ಊರಿನ ಹೆಸರನ್ನು ಯಾವಾಗ ಬೇಕಾದರೂ ಬದಲಿಸಲು ಆಟದಲ್ಲಿ ಒಂದು ಗುಂಡಿ ಇತ್ತಲ್ಲ. ಸರದಿ ಯಾರದೋ ಅವರ ಕಾಗುಣಿತ ಎಂದು ಒಪ್ಪಂದ. ಆ ಊರು ಆಮೇಲೆ ಎರಡು ಸಾವಿರ ವರ್ಷ, ಅಂದರೆ ಸುಮಾರು ಮೂರು ವಾರ, ದಿನಕ್ಕೆರಡು ಸಲ ಹೆಸರು ಬದಲಿಸಿಕೊಂಡು ಸುಖವಾಗಿತ್ತು. ಮಹಾಜನ ವರದಿಯನ್ನು ಓದಿ ಬಲ್ಲ ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.

೧೯೯೮ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಸಂಚಾರಕ್ಕೆ ತೆರೆಯಿತು. ಆ ವರ್ಷ ಮೇ ತಿಂಗಳಲ್ಲಿ ನಾವು ಮೊದಲ ಸಲ ರೈಲಿನಲ್ಲಿ ಊರಿಗೆ ಹೋದೆವು. ಕುಂದಾಪುರ ದಾಟಿದ ಮೇಲೆ ಕಿಟಕಿಗೆ ಅಂಟಿ ಕುಳಿತಿದ್ದ ಮಗಳು ಒಂದು ನಿಲ್ದಾಣದ ಹಳದಿ ಫಲಕ ನೋಡಿ ಡಬ್ಬಿಯ ಜನರೆಲ್ಲ ತಿರುಗುವಂತೆ ಕೂಗಿದಳು: "ಅಪ್ಪಾ, ನನ್ನ ರಾಜಧಾನಿ!" ಬಾರಕೂರು. ಕನ್ನಡದಲ್ಲಿ ಬರೆದದ್ದನ್ನು ಅವಳು ಅಲ್ಲಿಯೇ ಕೂಡಿಸಿ ಕೂಡಿಸಿ ಓದಿದಳು. ಮರಾಠಿ ಅಕ್ಷರ, ಇಂಗ್ಲಿಷ್ ಅಕ್ಷರ ಮಾತ್ರ ಶಾಲೆಯಲ್ಲಿ ಕಲಿತಿದ್ದ ಮಗು. ನಾನು ಭಾನುವಾರಗಳಂದು ಹಟ ಹಿಡಿದು ಕಲಿಸಿದ್ದು ಅದುವರೆಗೆ ಅವಳಿಗೆ ಶಿಕ್ಷೆಯಾಗಿಯೇ ಕಂಡಿತ್ತು.

ಆಟ ಅಲ್ಲಿಂದ ಮುಂದಕ್ಕೆ ಬೆಳೆಯಿತು. ೨೦೦೧ರ ಮೂರನೆಯ ಆವೃತ್ತಿ ಹಲವರು ಕೂಡಿ ಆಡುವ ಸೌಕರ್ಯವಿಲ್ಲದೆ ಬಂತು. ಅದನ್ನು ಮರುವರ್ಷ ಪೂರಕವಾಗಿ ಮಾರಿದರು. ಅರೆಬರೆ ಬಡಿಸಿ ಆಮೇಲೆ ಪಲ್ಯ ತರುವ ರೂಢಿ ಹೊಸದಲ್ಲ ಎಂಬುದಕ್ಕೆ ಈ ಮಾತು. ೨೦೦೫ರ ನಾಲ್ಕನೆಯ ಆವೃತ್ತಿಯದು ನನ್ನ ದೃಷ್ಟಿಯಲ್ಲಿ ಸುವರ್ಣಯುಗ. ನಿಯಮಗಳ ಕಡತಗಳನ್ನೆಲ್ಲ ತೆರೆದಿಟ್ಟರು. ಮರುವರ್ಷ ಆಟದ ನಿಯಮಗಳ ಮೂಲ ಕ್ರಮವಿಧಿಯನ್ನೇ ಆಟಗಾರರ ಕೈಗೆ ಕೊಟ್ಟರು. ಆಟಗಾರರು ತಾವೇ ಕಟ್ಟಿದ ಒಂದೆರಡು ಆಟಗಳು ೨೦೦೭ರ ಪೂರಕದಲ್ಲಿ ಅಧಿಕೃತವಾಗಿಯೇ ಸೇರಿದವು. ೨೦೧೦ರ ಐದನೆಯದು ಚೌಕದ ಮನೆಗಳನ್ನು ಆರು ಮೂಲೆಯ ಮನೆಗಳಾಗಿಸಿತು. ೨೦೧೬ರ ಆರನೆಯದರಲ್ಲಿ ಭೂಪಟಕ್ಕೆ ಆರು ಗಾತ್ರಗಳಿದ್ದವು. ಭೂಮಿಯ ವಯಸ್ಸು, ತಾಪಮಾನ, ಮಳೆಯ ಪ್ರಮಾಣ, ಕಡಲಿನ ಮಟ್ಟ ಇವನ್ನೂ ಆಟಗಾರನೇ ನಿಶ್ಚಯಿಸಬಹುದಿತ್ತು.

ಏಳನೆಯದು ೨೦೨೫ರ ಫೆಬ್ರುವರಿ ೧೧ರಂದು ಬಂತು. ಹೆಚ್ಚು ಬೆಲೆ ತೆತ್ತವರಿಗೆ ಐದು ದಿನ ಮೊದಲೇ ಬಾಗಿಲು ತೆರೆದಿತ್ತು. ಈಗ ಮೊಮ್ಮಗನಿಗೆ ಒಂಬತ್ತು ವರ್ಷ. ಅವನ ತಾಯಿಯ ರಾಜಧಾನಿಯ ಕಥೆಯನ್ನು ಹಲವು ಸಲ ಹೇಳಿ ನಾನು ಅವನನ್ನು ಸಿದ್ಧಗೊಳಿಸಿದ್ದೆ. ಅಶೋಕನನ್ನು ನಾಯಕನಾಗಿಯೂ ಮೌರ್ಯರನ್ನು ಜನಾಂಗವಾಗಿಯೂ ಆರಿಸಿದೆವು. ಹೆಸರಿನೊಡನೆ ಅಶೋಕನ ಶಾಸನ ಸಿಕ್ಕ ಮಸ್ಕಿ ನಮ್ಮ ರಾಯಚೂರು ಜಿಲ್ಲೆಯಲ್ಲಿದೆ ಎಂದು ಹೇಳುವಷ್ಟು ಪೀಠಿಕೆಯನ್ನೂ ಹಾಕಿದೆ. ಹುಡುಗ ಊರು ಕಟ್ಟಿದ. ತೆರೆಯ ಮೇಲೆ ಪಾಟಲಿಪುತ್ರ ಎಂದು ತಾನಾಗಿ ಮೂಡಿತು. ಪೆಟ್ಟಿಗೆ ಬರಲಿಲ್ಲ. ನಾನು ಕನ್ನಡಕ ಸರಿಪಡಿಸಿಕೊಂಡು ಮೂಲೆ ಮೂಲೆ ಹುಡುಕಿದೆ.

"ಅಜ್ಜ, ಇದರಲ್ಲಿ ಹೆಸರು ಬದಲಿಸ್ಲಿಕ್ಕೆ ಬರುವುದಿಲ್ಲ. ಗೇಮ್ ಇಟ್ಟದ್ದೇ ಹೆಸರು."

೧೯೯೧ರಿಂದ ಮೂವತ್ತನಾಲ್ಕು ವರ್ಷ ನಡೆದುಬಂದ ಆಟದ ಉತ್ತರಭಾಗದಲ್ಲಿ ಬಿಡುಗಡೆಯ ದಿನ ಊರಿಗೆ ಹೆಸರಿಡುವ ಸೌಲಭ್ಯವೇ ಇರಲಿಲ್ಲ. ಆರು ಗಾತ್ರದ ಭೂಪಟಗಳ ಜಾಗದಲ್ಲಿ ಅತಿ ಚಿಕ್ಕದು, ಚಿಕ್ಕದು, ಸಾಧಾರಣ ಎಂಬ ಮೂರೇ ಇದ್ದವು. ಮಳೆಯೂ ತಾಪವೂ ಆಟಗಾರನ ಕೈಯಲ್ಲಿರಲಿಲ್ಲ. ಒಂದು ಯಂತ್ರದ ಮುಂದೆ ಕುಳಿತು ಇಬ್ಬರು ಎದುರಾಳಿಗಳಾಗಿ ಸರದಿಯಂತೆ ಆಡುವ ವ್ಯವಸ್ಥೆಯೂ ಇರಲಿಲ್ಲ. ಲೋಕದಾದ್ಯಂತ ಆಟಗಾರರ ಅಭಿಪ್ರಾಯ ಇಬ್ಭಾಗವಾಯಿತು. ಬಹು ದೊಡ್ಡ ಆಕ್ಷೇಪ ಬೇರೊಂದರ ಬಗ್ಗೆ ಇತ್ತು. ಈ ಆವೃತ್ತಿ ಇತಿಹಾಸವನ್ನು ಮೂರು ಯುಗಗಳಾಗಿ ಕತ್ತರಿಸಿ, ಯುಗ ಬದಲಾದಾಗ ಜನಾಂಗವನ್ನೂ ಬದಲಿಸಲೇಬೇಕೆಂದು ವಿಧಿಸಿತು. ಭಾರತದ ದಾರಿ ಹೀಗೆ: ಪ್ರಾಚೀನ ಯುಗಕ್ಕೆ ಮೌರ್ಯರು, ಅನ್ವೇಷಣ ಯುಗಕ್ಕೆ ಚೋಳರು, ಆಧುನಿಕ ಯುಗಕ್ಕೆ ಮೊಗಲರು. ಸಾಂಚಿಯ ಸ್ತೂಪ, ತಂಜಾವೂರಿನ ಬೃಹದೀಶ್ವರ, ದಿಲ್ಲಿಯ ಕೆಂಪುಕೋಟೆ.

ತಾವು ಇಲ್ಲಿ ನಾನು ಏನು ಹೇಳುವೆನೆಂದು ಊಹಿಸಿದ್ದೀರಿ. ಪುಲಕೇಶಿ ಎಲ್ಲಿ? ಎಲ್ಲೋರದ ಕೈಲಾಸವನ್ನು ಕೊರೆಸಿದ ರಾಷ್ಟ್ರಕೂಟರ ಕೃಷ್ಣ ಎಲ್ಲಿ? ಚೋಳರೊಡನೆ ತಲೆಮಾರುಗಟ್ಟಲೆ ಕಾದಾಡಿದ ಕಲ್ಯಾಣದ ಚಾಳುಕ್ಯರೆಲ್ಲಿ? ದಖ್ಖನವನ್ನು ಹಾರಿ ದಾಟುವ ಈ ಭೂಪಟ ನಮಗೆ ಹೊಸದಲ್ಲ, ಶಾಲೆಯ ಪಠ್ಯಪುಸ್ತಕಗಳಲ್ಲೇ ಕಂಡದ್ದು. ಆದರೆ ಅದು ನನ್ನ ದೂರಲ್ಲ. ಅಮೆರಿಕದಲ್ಲಿ ಕುಳಿತು ಇಡೀ ಜಗತ್ತನ್ನು ಒಂದು ಪೆಟ್ಟಿಗೆಯಲ್ಲಿ ತುಂಬುವವರಿಗೆ ಎಲ್ಲರನ್ನೂ ಸೇರಿಸಲು ಸಾಧ್ಯವಿಲ್ಲ. ಸೇರಿಸಲೇಬೇಕೆಂಬ ಹಟವೂ ನನಗಿಲ್ಲ. ೧೯೯೬ರಲ್ಲೂ ಅವರು ನಮ್ಮನ್ನು ಸೇರಿಸಿರಲಿಲ್ಲ. ಆಗ ಒಂದು ಖಾಲಿ ಪೆಟ್ಟಿಗೆಯನ್ನು ನಮಗಾಗಿ ಬಿಟ್ಟಿದ್ದರು. ಈ ಸಲ ಅದನ್ನು ಮುಚ್ಚಿದರು ಎಂಬುದಷ್ಟೇ ನನ್ನ ಅಸಮಾಧಾನ. ಪಂಕ್ತಿಯಲ್ಲಿ ಎಲೆ ಹಾಕದಿದ್ದರೆ ನಾವೇ ಎಲೆ ತಂದು ಕುಳಿತುಕೊಳ್ಳುವವರು. ಕುಳಿತುಕೊಳ್ಳಲು ನೆಲವಾದರೂ ಬೇಕು.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಈ ಸರಣಿಯ ವಿನ್ಯಾಸಕರಲ್ಲಿ ಒಂದು ಸೂತ್ರವಿದೆ: ಹೊಸ ಆವೃತ್ತಿಯಲ್ಲಿ ಮೂರನೆಯ ಒಂದು ಪಾಲು ಹಳೆಯದು, ಒಂದು ಪಾಲು ತಿದ್ದಿದ್ದು, ಒಂದು ಪಾಲು ಪೂರ್ತಿ ಹೊಸದು. ಸೂತ್ರ ಚೆನ್ನಾಗಿದೆ. ಬಹುಪಾಲು ಆಟಗಾರರು ಆಟವನ್ನು ಮುಗಿಸದೆ ನಡುವೆಯೇ ಬಿಡುತ್ತಾರೆ, ಅದಕ್ಕಾಗಿ ಯುಗಗಳಾಗಿ ವಿಭಜಿಸಿದೆವು ಎಂದು ಅವರು ವಿವರಿಸಿದ್ದಾರೆ. ಇದು ನಿಜ, ನಾನೂ ಮುಗಿಸಿದ ಆಟಗಳು ಬೆರಳೆಣಿಕೆಯವು. ಹೊಸ ಆವೃತ್ತಿಯಲ್ಲಿ ನದಿಗಳಲ್ಲಿ ನೌಕೆ ಸಾಗಿಸಬಹುದು. ಒಬ್ಬ ಸೇನಾನಿಯ ಕೈಕೆಳಗೆ ಹಲವು ತುಕಡಿಗಳನ್ನು ಒಟ್ಟುಗೂಡಿಸಿ ನಡೆಸಬಹುದು. ಎರಡೂ ಮೆಚ್ಚತಕ್ಕ ಸಂಗತಿಗಳು. ಚಿತ್ರಗಳ ಸೊಬಗಿನ ಮುಂದೆ ನಮ್ಮ ೧೯೯೬ರ ಆಟ ತೇಪೆ ಹಾಕಿದ ಕೌದಿಯಂತೆ ಕಾಣುತ್ತದೆ. ಆ ಸೊಬಗು ಹೆಚ್ಚಿದಂತೆ ಆಟಗಾರ ಕೈ ಹಾಕಬಹುದಾದ ಜಾಗ ಕಡಿಮೆಯಾಗುತ್ತದೆಯೋ ಎಂಬ ಅನುಮಾನ ಮಾತ್ರ ನನಗಿದೆ. ಕೌದಿಗೆ ಇನ್ನೊಂದು ತೇಪೆ ಹಾಕಲು ಯಾರೂ ಹೆದರುವುದಿಲ್ಲ. ಬನಾರಸ್ ಸೀರೆಗೆ ಹೆದರುತ್ತಾರೆ.

ಎಲ್ಲಕ್ಕಿಂತ ಅಗ್ಗದ ಸೌಲಭ್ಯವೇ ಬಿಟ್ಟುಹೋದದ್ದು ನನ್ನನ್ನು ಕಾಡುತ್ತದೆ. ಹೆಸರು ಬದಲಿಸುವ ಪೆಟ್ಟಿಗೆಗೆ ಕಲಾವಿದರು ಬೇಡ, ಸಂಗೀತ ಬೇಡ. ಕೆಲಸ ಮುಗಿಸುವ ತರಾತುರಿಯಲ್ಲಿ 'ಇದು ಅಷ್ಟು ಮುಖ್ಯವಲ್ಲ' ಎಂದು ಯಾರೋ ತೀರ್ಮಾನಿಸಿರಬೇಕು. ಗೆಲ್ಲುವುದಕ್ಕಾಗಿಯೇ ಆಡುವವನಿಗೆ ಮುಖ್ಯವಲ್ಲ ನಿಜ. ಊರಿನ ಹೆಸರಿನಿಂದ ಒಂದು ಕಾಳು ಧಾನ್ಯವೂ ಹೆಚ್ಚುವುದಿಲ್ಲ. ನೆಲೆಸಲು ಬಂದವನ ಲೆಕ್ಕ ಬೇರೆ. ಬೀದಿಯ ಫಲಕ ಯಾವ ಭಾಷೆಯಲ್ಲಿದ್ದರೂ ಬಾಗಿಲ ಮೇಲೆ ಊರಿನ ಮನೆತನದ ಹೆಸರು ಬರೆಸಿಕೊಂಡು ಬದುಕಿದವರು ನಾವು.

ದೂರುಗಳು ವ್ಯರ್ಥವಾಗಲಿಲ್ಲ ಎಂಬುದನ್ನೂ ದಾಖಲಿಸುತ್ತೇನೆ. ೨೦೨೫ರ ಮಾರ್ಚ್ ಕೊನೆಯ ತಿದ್ದುಪಡಿಯಲ್ಲಿ ಹೆಸರಿಡುವ ಪೆಟ್ಟಿಗೆ ಮರಳಿತು. ದೊಡ್ಡ ಭೂಪಟಗಳು, ಹೆಚ್ಚಿನ ಆಯ್ಕೆಗಳು, ಆಟಗಾರರು ಮಾಡಿದ ಮಾರ್ಪಾಡುಗಳನ್ನು ಹಂಚಿಕೊಳ್ಳುವ ಸೌಕರ್ಯ, ಇವು ಜೂನ್ ತಿಂಗಳಲ್ಲಿ ಬಂದವು. ಒಂದೇ ಜನಾಂಗವನ್ನು ಕೊನೆಯವರೆಗೆ ಆಡುವ ಅವಕಾಶವನ್ನು ಪರೀಕ್ಷಿಸುತ್ತಿದ್ದೇವೆ ಎಂದು ಆ ವರ್ಷದ ಕೊನೆಯ ತಿಂಗಳುಗಳಲ್ಲಿ ತಯಾರಕರು ಪ್ರಕಟಿಸಿದರು. ಆದರೆ ಮಗುವಿನ ಕುತೂಹಲ ತಿದ್ದುಪಡಿಗಾಗಿ ಕಾದು ಕೂರುವುದಿಲ್ಲ. ಫೆಬ್ರುವರಿಯಲ್ಲಿ ಪಾಟಲಿಪುತ್ರದ ಮುಂದೆ ನಿಂತ ಹುಡುಗ ಹೆಸರಿನ ಪ್ರಶ್ನೆಯನ್ನೇ ಕೈಬಿಟ್ಟ. ಮೂರನೆಯ ದಿನ ಆಟವನ್ನೂ ಬಿಟ್ಟು ಕ್ರಿಕೆಟ್ ಬ್ಯಾಟ್ ಹಿಡಿದು ಕೆಳಗಿಳಿದ. ಅವನ ತಾಯಿ ಬನವಾಸಿ ಎಲ್ಲಿದೆ ಎಂದು ಕೇಳಿದ್ದಳು. ಇವನು ಏನನ್ನೂ ಕೇಳಲಿಲ್ಲ. ಹೆಸರುಗಳ ಪಟ್ಟಿ ಬರೆದುಕೊಂಡಿದ್ದ ನನ್ನ ಕಾಗದ ಮೇಜಿನ ಖಾನೆಯಲ್ಲೇ ಉಳಿಯಿತು.

ಪೆಟ್ಟಿಗೆ ಮರಳಿದ ಸುದ್ದಿ ತಿಳಿದ ಮೇಲೆ, ಏಪ್ರಿಲ್ ರಜೆಯಲ್ಲಿ, ಅವನನ್ನು ಪುಸಲಾಯಿಸಿ ಮತ್ತೆ ಕೂರಿಸಿದೆ. ಮತ್ತೆ ಮೌರ್ಯರು, ಮತ್ತೆ ಪಾಟಲಿಪುತ್ರ. ಈ ಸಲ ಹೆಸರಿನ ಮೇಲೆ ಒತ್ತಿದರೆ ಅದು ತೆರೆದುಕೊಂಡಿತು. "ಈಗ ಬರಿ, ರಾಜಧಾನಿಯ ಹೆಸರು ಬರಿ" ಎಂದೆ. ಅವನು ಒಂದೊಂದೇ ಅಕ್ಷರ ಒತ್ತಿ ಡೊಂಬಿವಿಲಿ ಎಂದು ಬರೆದ.

ನನ್ನ ಮುಖ ನೋಡಿ, ಎರಡನೆಯ ಊರಿಗೆ ಬಾರಕೂರು ಎಂದು ಹೆಸರಿಟ್ಟ.